ಎಡಕ್ಕೆ ತಿರುಗುವ ಬಾಣ

ಆ ಊರಿನಲ್ಲಿ ಪಿಸುಮಾತು ಕೆಡುತ್ತಿತ್ತು. ಹಗೆಯ ಸುದ್ದಿಯನ್ನು ಯಾರು ಯಾರ ಕಿವಿಯಲ್ಲಿ ಹೇಳಿದರೂ ಕೇಳಿದವರ ಒಳಗೆ ಅದು ತಲೆಕೆಳಗಾಗುತ್ತಿತ್ತು. ಮೂಡಣ ಎಂದದ್ದು ಪಡುವಣವಾಗುತ್ತಿತ್ತು. ಬಂದರು ಎಂದದ್ದು ಹೋದರು ಎಂದಾಗುತ್ತಿತ್ತು. ಹಿಂದೆ ಒಬ್ಬ ಬೇಹಿನವನು ಹೊಳೆಯಾಚೆ ಹೋಗಿ ಹಗೆಯ ದಂಡನ್ನು ಕಣ್ಣಾರೆ ನೋಡಿ ಬಂದು, ಗುಟ್ಟಾಗಿರಲಿ ಎಂದು ಅಂದಿನ ದಳವಾಯಿಯ ಕಿವಿಯಲ್ಲಿ ಹೇಳಿದ್ದನಂತೆ. ದಳವಾಯಿ ಕೇಳಿಸಿಕೊಂಡು ದಂಡನ್ನೆಲ್ಲ ಬೇರೆ ಬಾಗಿಲಿಗೆ ಕಳಿಸಿದ. ಆ ದಿನ ಕುಂಬಾರಗೇರಿಯಲ್ಲಿ ಒಲೆ ಹಚ್ಚುವವರು ಯಾರೂ ಉಳಿಯಲಿಲ್ಲ.

ಅದಾದ ಮೇಲೆ ಊರ ನಡುವೆ ಒಂದು ಹಾಸುಗಲ್ಲು ಹಾಕಿಸಿದರು. ಅದರ ಹೆಸರು ಸಾರುಗಲ್ಲು. ಹಗೆಯ ಬಗ್ಗೆ ಯಾರಿಗೆ ಏನು ತಿಳಿದರೂ ಅದರ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಮೂರು ಸಲ ಹೇಳಬೇಕು. ಹೇಗೆ ತಿಳಿಯಿತು ಎಂದು ಯಾರು ಕೇಳಿದರೂ ಉತ್ತರ ಕೊಡಬೇಕು. ಹಾಗೆ ಹೇಳಿದ ಮಾತು ಕೆಡುತ್ತಿರಲಿಲ್ಲ. ಅದು ಹೊಳೆ ದಾಟಿ ಹಗೆಗೂ ಮುಟ್ಟುತ್ತಿತ್ತು, ಒಲೆಯ ಹೊಗೆ ಪಕ್ಕದ ಮನೆಗೆ ಮುಟ್ಟುವ ಹಾಗೆ. ಅದು ಎಲ್ಲರಿಗೂ ಗೊತ್ತಿತ್ತು. ನಿಜ ಬೇಕಾದರೆ ಅಷ್ಟು ಕೊಡಲೇಬೇಕು ಎಂದು ಊರು ಒಪ್ಪಿಕೊಂಡಿತ್ತು.

ದಿನಾ ಬೆಳಿಗ್ಗೆ ಬೇಹಿನವರು ಸಾರುಗಲ್ಲು ಹತ್ತುತ್ತಿದ್ದರು. ಹಗೆಯವರು ಕುದುರೆಯ ಗೊರಸಿಗೆ ಕಂಬಳಿ ಕಟ್ಟಿದ್ದಾರೆ, ಸದ್ದಿಗೆ ಕಾಯಬೇಡಿ. ಹಗೆಯವರು ಒಲೆ ಉರಿಯಬಿಟ್ಟು ಡೇರೆ ಖಾಲಿ ಮಾಡುತ್ತಾರೆ, ಹೊಗೆ ನೋಡಿ ನಂಬಬೇಡಿ. ತೆಂಕಲಲ್ಲಿ ನಗಾರಿ ಬಾರಿಸಿ ಬಡಗಲಲ್ಲಿ ಏಣಿ ಹಾಕುತ್ತಾರೆ, ನಗಾರಿಗೆ ಬೆನ್ನು ಮಾಡಿ ನಿಲ್ಲಿ. ಹೀಗೆ ಮೂರು ಮೂರು ಸಲ. ಜನ ಕೇಳಿ, ತುಟಿಯಲ್ಲೇ ಒಮ್ಮೆ ಹೇಳಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಬೇಹಿನವರು ಇಳಿದ ಮೇಲೆ ಗಾಯ ನೋಡುವವಳು ಹತ್ತುತ್ತಿದ್ದಳು. ಅವಳು ಹೊಳೆ ದಾಟಿದವಳಲ್ಲ. ಸತ್ತವರನ್ನು ಚಾವಡಿಗೆ ತಂದು ಮಲಗಿಸಿದಾಗ, ಮೈ ತೊಳೆಯುವ ಮೊದಲು ಅವಳು ಬಂದು ನೋಡಬೇಕು. ಗಾಯದ ಬಾಯಿ ನೋಡಿ ಕತ್ತಿಯ ಅಗಲ ಹೇಳುತ್ತಿದ್ದಳು, ಇಳಿದ ಓರೆ ನೋಡಿ ಹೊಡೆದವನು ಕುದುರೆಯ ಮೇಲಿದ್ದನೋ ನೆಲದ ಮೇಲಿದ್ದನೋ ಹೇಳುತ್ತಿದ್ದಳು. ಅವಳ ತಾಯಿ ಕಲಿಸಿದ ಕೆಲಸ. ನೋಡುವ ಮೊದಲು ಸತ್ತವನ ಹಣೆ ಮುಟ್ಟಿ, "ನಿನಗಾದದ್ದು ಹೇಳಪ್ಪ, ಇನ್ನೊಬ್ಬರಿಗೆ ಆಗದಿರಲಿ" ಅನ್ನುತ್ತಿದ್ದಳು. ಆಮೇಲೇ ಬಟ್ಟೆ ಸರಿಸುತ್ತಿದ್ದಳು.

ಅವಳ ಗಂಡ ಕಮ್ಮಾರ. ದೋಣಿ ದಾಟುವ ಕಡವಿನಲ್ಲಿ ಒಂದು ಹಟ್ಟಿಯಿತ್ತು. ದೋಣಿಗಳಿಗೆ ಪಟ್ಟಿ ಬಡಿಯಲು ಅವನು ಅಲ್ಲಿಗೆ ಹೋಗಿದ್ದ ದಿನವೇ ಹಗೆಯವರು ಕಡವನ್ನು ಹಿಡಿದರು. ಸತ್ತವರನ್ನು ತಂದು ಮಲಗಿಸಿದಾಗ ಅವಳು ಒಬ್ಬೊಬ್ಬರ ಹಣೆ ಮುಟ್ಟುತ್ತ ಬಂದಳು. ಅವನಿರಲಿಲ್ಲ. ಆ ಊರಿನಲ್ಲಿ ಹೆಣ ಸಿಗದವರನ್ನು ಸತ್ತವರು ಅನ್ನುತ್ತಿರಲಿಲ್ಲ, ಬಾರದವರು ಅನ್ನುತ್ತಿದ್ದರು. ಬಾರದವರ ಹೆಂಡಂದಿರು ಕುಂಕುಮ ಇಡುತ್ತಿದ್ದರು, ಹೂ ಮುಡಿಯುತ್ತಿರಲಿಲ್ಲ. ಅವಳೂ ಹಾಗೇ ಇದ್ದಳು. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಅತ್ತೆಗೆ ಅವನೊಬ್ಬನೇ ಮಗ. ಇಬ್ಬರೂ ಅವನ ಮಾತು ಆಡುತ್ತಿರಲಿಲ್ಲ. ಆಡಿದರೆ ಕೆಟ್ಟೀತು ಎಂದು ಇಬ್ಬರಿಗೂ ಭಯ.

ಆ ಬೇಸಿಗೆಯಲ್ಲಿ ಹಗೆಯ ಕಡೆಯಿಂದ ಹೊಸ ಬಾಣ ಬಂತು.

ನೋಡಲು ಹಳೆಯದರ ಹಾಗೇ ಇತ್ತು. ಆದರೆ ಮೈಯೊಳಗೆ ಹೋದ ಮೇಲೆ ಅದರ ಮೊನೆಯಿಂದ ಎರಡು ಮುಳ್ಳು ಬಿಚ್ಚಿಕೊಳ್ಳುತ್ತಿದ್ದವು. ಎಳೆದರೆ ಮಾಂಸವೇ ಹರಿದು ಬರುತ್ತಿತ್ತು. ಎಳೆಯದೆ ಬಿಟ್ಟರೆ ಕೀವಾಗಿ ಸಾಯುತ್ತಿದ್ದರು. ಗಾಯ ನೋಡುವವಳು ಕಲ್ಲಿನ ಮೇಲೆ ನಿಂತು ಹೇಳಿದಳು: "ಹೊಸ ಬಾಣ ಬಂದಿದೆ. ಒಳಗೆ ಹೋಗಿ ಮುಳ್ಳು ಬಿಚ್ಚುತ್ತದೆ. ಎಳೆಯಬೇಡಿ." ಮೂರು ಸಲ ಹೇಳಿದಳು.

"ಎಳೆಯದೆ ಏನು ಮಾಡೋದು?" ಎಂದು ಗುಂಪಿನಿಂದ ಯಾರೋ ಕೇಳಿದರು.

"ನನಗೆ ತಿಳಿಯದು," ಅಂದಳು.

ಚಾವಡಿ ತುಂಬಿತು. ಮೈಯಲ್ಲಿ ಬಾಣ ನೆಟ್ಟುಕೊಂಡೇ ಗಂಡಸರು ಸಾಲಾಗಿ ಮಲಗಿದ್ದರು, ಗದ್ದೆಯಲ್ಲಿ ಊರಿದ ಕೋಲುಗಳ ಹಾಗೆ. ಪಕ್ಕದಲ್ಲಿ ಕೂತ ಹೆಂಗಸರು ಅವನ್ನು ಅಲುಗದಂತೆ ಹಿಡಿದುಕೊಂಡಿರುತ್ತಿದ್ದರು.

ಒಂದು ಬೆಳಿಗ್ಗೆ ಸತ್ತವನೊಬ್ಬನ ಪಕ್ಕೆಯಿಂದ ಅವಳು ಒಂದು ಬಾಣವನ್ನು ಮುರಿಯದಂತೆ ಕೊಯ್ದು ತೆಗೆದಳು. ತೊಳೆದು, ಬಿಸಿಲಿಗೆ ಹಿಡಿದು ನೋಡಿದಳು. ಮುಳ್ಳುಗಳ ಬುಡದಲ್ಲಿ ಕೂದಲೆಳೆಯಷ್ಟು ಸಂದು ಕಂಡಿತು. ಅದನ್ನು ನೋಡುತ್ತಿದ್ದ ಹಾಗೆ ಅವಳ ಕೈ ಅವಳನ್ನು ಕೇಳದೆ ಒಂದು ಕೆಲಸ ಮಾಡಿತು. ಬಾಣದ ಕೋಲನ್ನು ಮೊನೆಯೊಳಗೆ ಅಕ್ಕಿಕಾಳಿನಷ್ಟು ಒತ್ತಿ ಎಡಕ್ಕೆ ತಿರುಗಿಸಿತು.

ಮುಳ್ಳುಗಳು ಮಡಚಿಕೊಂಡವು. ಮರಿಹಕ್ಕಿ ಕಾಲು ಎಳೆದುಕೊಂಡ ಹಾಗೆ, ಸದ್ದಿಲ್ಲದೆ.

ಅವಳ ಮನೆಯ ಅಗುಳಿಯೂ ಹೀಗೇ. ಹೊಸಬರು ಎಳೆದೆಳೆದು ಸೋಲುತ್ತಿದ್ದರು. ಸ್ವಲ್ಪ ಒತ್ತಿ ಎಡಕ್ಕೆ ತಿರುಗಿಸಿದರೆ ತೆರೆಯುತ್ತಿತ್ತು. ಅವಳ ಗಂಡ ಎಡಚ. ಊರಿನ ಬೀಗ ಚಿಲಕಗಳೆಲ್ಲ ಬಲಕ್ಕೆ ತಿರುಗಿದರೆ ಅವನು ಮಾಡಿದ್ದು ಮಾತ್ರ ಎಡಕ್ಕೆ. ಮದುವೆಯಾಗಿ ಬಂದ ದಿನ ಬಾಗಿಲು ತೆರೆಯಲಾರದೆ ಅವಳು ಹೊರಗೇ ನಿಂತಿದ್ದಳು. ಅವನು ನಗುತ್ತ ಬಂದು ಅವಳ ಕೈ ಹಿಡಿದು ತಿರುಗಿಸಿ ತೋರಿಸಿದ್ದ.

ಅವಳು ಚಾವಡಿಯ ಕಂಬಕ್ಕೆ ಒರಗಿ ಕೂತಳು. ಅವನು ಬದುಕಿದ್ದಾನೆ. ಕಡವಿನಲ್ಲಿ ಹಗೆಯವರು ಕುಲುಮೆ ಹಾಕಿದ್ದಾರೆಂದು ಬೇಹಿನವರು ಸಾರಿದ್ದರು. ಆ ಕುಲುಮೆಯ ಮುಂದೆ ಅವನು ಕೂತಿದ್ದಾನೆ. ಭಯಂಕರವಾದ ಬಾಣ ಮಾಡಿಕೊಡು ಅಂದಿದ್ದಾರೆ, ಮಾಡಿಕೊಟ್ಟಿದ್ದಾನೆ, ಒಳಗೊಂದು ಬಾಗಿಲನ್ನೂ ಇಟ್ಟಿದ್ದಾನೆ. ಸತ್ತವನ ಪಕ್ಕದಲ್ಲಿ ಕೂತು ಅವಳಿಗೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡು ಯಾರೋ ಬಂದು ಅವಳ ಬೆನ್ನು ನೇವರಿಸಿದರು.

ಸಾರುಗಲ್ಲಿನ ಕಡೆ ನಾಲ್ಕು ಹೆಜ್ಜೆ ಹಾಕಿದ ಮೇಲೇ ಅವಳಿಗೆ ಉಳಿದದ್ದು ತಿಳಿದದ್ದು. ಕಲ್ಲಿನ ಮೇಲೆ ಹೇಳಿದರೆ ಊರಿಗೆ ಕೇಳುತ್ತದೆ, ಹೊಳೆಯಾಚೆಗೂ ಕೇಳುತ್ತದೆ. ಬಾಣದೊಳಗೆ ಬಾಗಿಲಿಟ್ಟವನು ಯಾರೆಂದು ಹಗೆಯವರು ಹುಡುಕಬೇಕಾಗಿಯೂ ಇಲ್ಲ, ಅವನು ಅವರ ಕುಲುಮೆಯಲ್ಲೇ ಕೂತಿದ್ದಾನೆ.

ಆ ದಿನ ಅವಳು ಕಲ್ಲು ಹತ್ತಿ, "ಇವತ್ತು ಹೊಸದೇನೂ ಇಲ್ಲ," ಎಂದು ಮೂರು ಸಲ ಹೇಳಿ ಇಳಿದಳು. ತಿಳಿದದ್ದನ್ನು ಮುಚ್ಚಿಟ್ಟವರಿಗೆ ಇಂಥ ಶಿಕ್ಷೆ ಎಂದು ಆ ಊರಿನಲ್ಲಿ ಇರಲಿಲ್ಲ. ಯಾಕೆಂದರೆ ಅಲ್ಲಿಯವರೆಗೆ ಯಾರೂ ಮುಚ್ಚಿಟ್ಟಿರಲಿಲ್ಲ.

ತನ್ನ ಕೈಯಿಂದಲೇ ತೆಗೆಯುತ್ತೇನೆ ಅಂದುಕೊಂಡಳು. ಚಾವಡಿಗೆ ಹೋಗಿ, ಸೆರಗು ಮರೆ ಮಾಡಿಕೊಂಡು, ಒಬ್ಬೊಬ್ಬರದಾಗಿ ಒತ್ತಿ, ತಿರುಗಿಸಿ ತೆಗೆದಳು. ಬಾಣ ಹಾಲಿನಲ್ಲಿಟ್ಟ ಬೆರಳಿನ ಹಾಗೆ ಈಚೆ ಬರುತ್ತಿತ್ತು. ಜನ ಅವಳ ಕೈಗುಣ ಅಂದರು. ಅವಳ ಬಾಗಿಲ ಮುಂದೆ ಡೋಲಿಗಳು ಸಾಲುಗಟ್ಟಿದವು. ಅವಳು ಊಟ ಬಿಟ್ಟಳು, ಕೂತಲ್ಲೇ ತೂಕಡಿಸಿದಳು. ಆದರೆ ಕೋಟೆಯ ಗೋಡೆ ಉದ್ದವಾಗಿತ್ತು, ಹೊಳೆಯ ದಡ ಇನ್ನೂ ಉದ್ದವಾಗಿತ್ತು, ಅವಳಿಗಿದ್ದದ್ದು ಎರಡೇ ಕೈ. ಅವಳವರೆಗೆ ಬರುವಷ್ಟು ಉಸಿರು ಎಲ್ಲರಲ್ಲೂ ಇರುತ್ತಿರಲಿಲ್ಲ. ಗೆಳೆಯರು ಕನಿಕರಕ್ಕೆ ಎಳೆದುಬಿಡುತ್ತಿದ್ದರು.

ಚಾವಡಿಯಲ್ಲಿ ಮದ್ದು ಅರೆದು ಹಚ್ಚುವ ಒಬ್ಬ ಮುದುಕಿಯಿದ್ದಳು. ಊರಿನವರೆಲ್ಲ ಅವಳನ್ನು ಮದ್ದಿನವ್ವ ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಒಂದೇ ಹೊತ್ತಿಗೆ ಹಲವರನ್ನು ತಂದು ಮಲಗಿಸಿದಾಗ, ಗಾಯ ನೋಡುವವಳು ತಡೆಯಲಾರದೆ ಮದ್ದಿನವ್ವನ ಕಿವಿಯ ಹತ್ತಿರ ಬಾಗಿದಳು.

"ಅವ್ವಾ, ಸ್ವಲ್ಪ ಒಳಗೆ ಒತ್ತಿ ಎಡಕ್ಕೆ ತಿರುಗಿಸು. ಬಂದುಬಿಡುತ್ತೆ. ಯಾರಿಗೂ ಹೇಳಬೇಡ."

ಮದ್ದಿನವ್ವ ತಲೆಯಾಡಿಸಿದಳು. ಹತ್ತಿರವಿದ್ದ ಡೋಲಿಯಲ್ಲಿ ಒಬ್ಬ ಬೆಸ್ತರವನು ಮಲಗಿದ್ದ. ಅವನ ತಲೆ ಹೆಂಡತಿಯ ತೊಡೆಯ ಮೇಲಿತ್ತು. ಮದ್ದಿನವ್ವ ಕೋಲು ಹಿಡಿದು ಒಳಗೆ ಒತ್ತಿದಳು. ಬಲಕ್ಕೆ ತಿರುಗಿಸಿದಳು.

ಅವನು ಒಮ್ಮೆ ಮೊಣಕಾಲು ಮಡಚಿದ, ಬಿಟ್ಟ. ಅಷ್ಟೇ.

"ನೀನು ಹೇಳಿದ ಹಾಗೇ ಬಲಕ್ಕೆ ತಿರುಗಿಸಿದೆನಲ್ಲೇ," ಅಂದಳು ಮದ್ದಿನವ್ವ.

ಬೆಸ್ತರ ಹೆಂಗಸು ಗಂಡನ ಕಣ್ಣು ಮುಚ್ಚಿದಳು. ತಲೆಯೆತ್ತಿ ಇಬ್ಬರನ್ನೂ ನೋಡಿ, "ನಿಮ್ಮ ಕೈಲಾದದ್ದು ನೀವು ಮಾಡಿದಿರಿ ತಾಯೀ. ನಿಮ್ಮ ಋಣ ಇವನ ಮೇಲಿದೆ," ಅಂದಳು. ಗಾಯ ನೋಡುವವಳು ಆ ಮಾತನ್ನು ನಿಂತು ಕೇಳಿಸಿಕೊಂಡಳು. ಕೇಳಿಸಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಸಂಜೆ ದಳವಾಯಿ ಬಂದ. ಅವನು ವಯಸ್ಸಾದವನು. ಅವನ ಇಬ್ಬರು ಮಕ್ಕಳನ್ನು ಅವಳೇ ಹಣೆ ಮುಟ್ಟಿ ನೋಡಿದ್ದಳು. ಚಾವಡಿಯ ಮೆಟ್ಟಿಲ ಮೇಲೆ ಅವಳಿಂದ ಸ್ವಲ್ಪ ದೂರದಲ್ಲಿ ಕೂತ.

"ನಿನ್ನ ಕೈಯಲ್ಲಿ ಬದುಕುತ್ತಾರೆ, ಬೇರೆ ಕೈಯಲ್ಲಿ ಸಾಯುತ್ತಾರೆ. ಇದು ಕೈಗುಣ ಅಲ್ಲ ಅಂತ ನನಗನ್ನಿಸುತ್ತೆ ತಂಗೀ."

ಅವಳು ಬಾಯಿ ತೆರೆದಳು. ಅವನು ಕೈಯೆತ್ತಿ ತಡೆದ.

"ಇಲ್ಲಿ ಬೇಡ. ಇಲ್ಲಿ ನೀನು ಹೇಳಿದರೆ ನನ್ನ ಕಿವಿಯಲ್ಲೂ ಅದು ಕೆಡುತ್ತೆ. ನಿನ್ನನ್ನು ಬಲವಂತ ಮಾಡೋನಲ್ಲ ನಾನು. ಬಲವಂತಕ್ಕೆ ಬಂದ ನಿಜ ಹೇಗಿರುತ್ತೋ ಗೊತ್ತಿಲ್ಲ. ಕಲ್ಲು ಅಲ್ಲೇ ಇದೆ."

ಅವನು ಎದ್ದು ಹೋದ. ಅವಳು ಮನೆಗೆ ನಡೆದಳು. ಅತ್ತೆ ಅಂಗಳದಲ್ಲಿ ರಾಗಿ ಕೇರುತ್ತ ಕೂತಿದ್ದಳು. ಸೊಸೆ ಅವಳೆದುರು ಕೂತು, ಮಡಿಲಿನಿಂದ ಬಾಣದ ಮೊನೆಯನ್ನು ತೆಗೆದು ಮೊರದಲ್ಲಿಟ್ಟಳು. ಮುದುಕಿ ಅದನ್ನು ಎತ್ತಿಕೊಂಡಳು. ಅವಳ ಕಣ್ಣು ಅಷ್ಟು ಸೂಕ್ಷ್ಮವಾಗಿ ಕಾಣುತ್ತಿರಲಿಲ್ಲ. ಬೆರಳಿನಿಂದ ಸವರಿ, ಬುಡದ ಸಂದು ಸಿಕ್ಕಿ, ಒತ್ತಿ, ಎಡಕ್ಕೆ ತಿರುಗಿಸಿದಳು. ಮುಳ್ಳು ಮಡಚಿತು. ಮುದುಕಿ ಅದನ್ನು ಕೆನ್ನೆಗೆ ಒತ್ತಿಕೊಂಡಳು.

"ಯಾವಾಗ ಗೊತ್ತಾಯ್ತು ನಿನಗೆ?" ಎಂದು ಕೇಳಿದಳು ಆಮೇಲೆ.

"ಕೆಲವು ದಿನವಾಯ್ತು ಅತ್ತೆ."

"ನನಗೆ ಹೇಳಲಿಲ್ಲ."

"ಹೇಳಿದರೆ ನಿಮಗೆ ಅವರು ಇಲ್ಲ ಅಂತ ಕೇಳಿಸಿಬಿಟ್ಟರೆ ಅಂತ ಹೆದರಿದೆ."

ಮುದುಕಿ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಕಲ್ಲಿನ ಮೇಲೆ ಹೇಳಿದರೆ ಹಗೆಯವರು ಅವನನ್ನು ಬಿಡೋದಿಲ್ಲ."

"ಇಲ್ಲ."

"ಹೇಳದಿದ್ದರೆ ಎಷ್ಟು ದಿನ ಬದುಕಲು ಬಿಡುತ್ತಾರೆ?"

"ಬಾಣ ಬೇಕಿರೋವರೆಗೆ ಇಟ್ಟುಕೊಳ್ಳುತ್ತಾರೆ. ಯುದ್ಧ ಮುಗಿದರೆ ಬಂದಾರು ಅತ್ತೆ. ಬದುಕಿದ್ದರೆ ಒಂದು ದಿನ ಬಂದೇ ಬರುತ್ತಾರೆ. ನಾನು ಇನ್ನೂ ಹೆಚ್ಚು ಕೆಲಸ ಮಾಡುತ್ತೇನೆ. ಗೋಡೆಯ ಹತ್ತಿರವೇ ಹೋಗಿ ಕೂರುತ್ತೇನೆ. ಸಾಧ್ಯವಾದಷ್ಟು ಜನರನ್ನು..."

"ಇವತ್ತು ಬೆಸ್ತರವನು ಹೋದನಂತೆ."

"ಹೋದ. ನಾನು ಮದ್ದಿನವ್ವನ ಕಿವಿಯಲ್ಲಿ ಹೇಳಿದ್ದಕ್ಕೆ ಹೋದ."

ಮುದುಕಿ ಸೊಸೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅಂಗೈಯಲ್ಲಿ ರಕ್ತ ಒಣಗಿ ಗೆರೆಗಟ್ಟಿತ್ತು. ಸೆರಗಿನ ತುದಿಯನ್ನು ನೀರಲ್ಲದ್ದಿ ಒರೆಸತೊಡಗಿದಳು.

"ನೋಡವ್ವ, ಅವನು ಈ ಊರಲ್ಲೇ ಹುಟ್ಟಿದವನು. ಈ ಕಲ್ಲಿನ ಮುಂದೆ ನನ್ನ ಸೊಂಟದ ಮೇಲೆ ಕೂತು ಸುದ್ದಿ ಕೇಳಿದವನು. ಇಲ್ಲಿ ಪಿಸುಮಾತು ಕೆಡುತ್ತೆ ಅಂತ ಅವನಿಗೆ ಗೊತ್ತಿಲ್ಲವಾ? ಬಾಣದೊಳಗೆ ಅದನ್ನಿಡುವಾಗ, ನಮ್ಮವರು ಇದನ್ನು ಕಂಡರೆ ಎಲ್ಲಿ ನಿಂತು ಹೇಳುತ್ತಾರೆ ಅಂತ ಗೊತ್ತಿಲ್ಲದೆ ಇಟ್ಟನಾ?"

ಸೊಸೆ ಕಡವಿನ ಕಡೆ ನೋಡಿದಳು.

"ಎಲ್ಲಾ ಗೊತ್ತಿದ್ದೇ ಇಟ್ಟಿದ್ದಾನೆ. ಮೊದಲ ಬಾಣ ಮಾಡಿದ ದಿನವೇ ಅವನು ಒಪ್ಪಿಕೊಂಡದ್ದು. ಈಗ ನೀನು ಒಪ್ಪಬೇಕು. ನಾನೂ ಒಪ್ಪಬೇಕು." ಮುದುಕಿ ಒರೆಸುವುದನ್ನು ನಿಲ್ಲಿಸಲಿಲ್ಲ. "ನನಗೆ ಆಗುತ್ತಿಲ್ಲ. ಆದರೂ ಬೆಳಿಗ್ಗೆ ಹೋಗು. ಬೆಳಗಾಗೋವರೆಗೆ ಅವನು ಬದುಕಿದ್ದಾನೆ ಅಂತ ಕೂತಿರೋಣ."

ಇಬ್ಬರೂ ಹಾಗೇ ಕೂತರು. ಕಡವಿನ ಕಡೆ ಮುಖ ಮಾಡಿ ಕೂತರು. ಬಾಯಿ ಬಿಟ್ಟು ಅವನ ಮಾತು ಆಡಿದರು. ಅವನು ಚಿಕ್ಕವನಿದ್ದಾಗ ಎಡಗೈಯಲ್ಲಿ ಉಣ್ಣಬೇಡ ಎಂದು ತಾನು ಹೊಡೆದದ್ದನ್ನು ತಾಯಿ ಹೇಳಿದಳು. ತೋಳಿನ ಮೇಲೆ ಕಿಡಿ ಸಿಡಿದ ಕಪ್ಪು ಚುಕ್ಕೆಗಳನ್ನು ಕಳೆಯುತ್ತೇನೆಂದು ತಾನು ಸೀಗೆ ಹಚ್ಚಿ ತಿಕ್ಕಿದ್ದನ್ನು ಹೆಂಡತಿ ಹೇಳಿದಳು. ಹೀಗೆ ಹೇಳುತ್ತ ಹೇಳುತ್ತ ಬೆಳಕು ಹರಿಯಿತು.

ಬೇಹಿನವರು ಇಳಿದ ಮೇಲೆ ಅವಳು ಸಾರುಗಲ್ಲು ಹತ್ತಿದಳು. ಬಾಣವನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು.

"ಹಗೆಯ ಮುಳ್ಳುಬಾಣಕ್ಕೆ ಒಂದು ದಾರಿಯಿದೆ. ಎಳೆಯಬೇಡಿ. ಅಕ್ಕಿಕಾಳಿನಷ್ಟು ಒಳಗೆ ಒತ್ತಿ, ಎಡಕ್ಕೆ ತಿರುಗಿಸಿ. ಮುಳ್ಳು ಮಡಚುತ್ತದೆ. ಆಮೇಲೆ ತೆಗೆಯಿರಿ."

ಮೂರು ಸಲ ಹೇಳಿದಳು. ಗುಂಪಿನ ಅಂಚಿನಿಂದ ಬೆಸ್ತರ ಹೆಂಗಸು ಕೇಳಿದಳು, "ಹೇಗೆ ತಿಳಿಯಿತು?"

ಕೇಳಿದವರಿಗೆ ಉತ್ತರ ಕೊಡಬೇಕು. ಆ ಊರಿನ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ, ಅವಳೂ ಒಮ್ಮೆಯೂ ಹೇಳಿದವಳಲ್ಲ.

"ಇದನ್ನು ಮಾಡಿದ್ದು ಮೋನಪ್ಪ," ಅಂದಳು. "ಬಾರದವನು. ನನ್ನ ಗಂಡ."

ದಳವಾಯಿ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಸಾಲಿನಲ್ಲಿ ನಿಂತ ಒಬ್ಬ ಆಳು, ಮರೆಯಬಾರದೆಂದು, ಗಾಳಿಯಲ್ಲೇ ಕೈ ಚಾಚಿ ಒತ್ತಿ ಎಡಕ್ಕೆ ತಿರುಗಿಸಿದ. ಪಕ್ಕದವನೂ ಹಾಗೆ ಮಾಡಿದ. ಹೆಂಗಸರು ಮಾಡಿದರು, ಮುದುಕರು ಮಾಡಿದರು. ಅವಳು ಕಲ್ಲಿನ ಮೇಲೆ ನಿಂತು ನೋಡಿದಳು. ಇಡೀ ಊರು ಅವಳ ಮನೆಯ ಬಾಗಿಲು ತೆರೆಯುತ್ತಿತ್ತು.

ಅಂದಿನಿಂದ ಗಾಯಾಳುಗಳು ಬದುಕಿದರು. ಗೋಡೆಯ ಮೇಲೇ, ದಡದ ಮೇಲೇ, ಯಾರು ಹತ್ತಿರವಿದ್ದರೋ ಅವರೇ ತೆಗೆದರು. ಬದುಕಿದವರು ಅವಳ ಮನೆಗೆ ಬಂದು ಅಂಗಳದಲ್ಲಿ ನಿಲ್ಲುತ್ತಿದ್ದರು. ಮುದುಕಿ ಅವರನ್ನು ಹತ್ತಿರ ಕರೆದು, "ಎಲ್ಲಿ ನೆಟ್ಟಿತ್ತಪ್ಪ, ತೋರಿಸು," ಅನ್ನುತ್ತಿದ್ದಳು. ಭುಜವೋ ಪಕ್ಕೆಯೋ, ಗಾಯ ಮಾಗಿದ ಜಾಗವನ್ನು ಬೆರಳಿನಿಂದ ನಿಧಾನವಾಗಿ ಸವರುತ್ತಿದ್ದಳು. "ಚೆನ್ನಾಗಿ ಮಾಡಿದ್ದಾನೆ," ಅನ್ನುತ್ತಿದ್ದಳು. ಸವರಿಸಿಕೊಂಡವರು ಎಷ್ಟೋ ಜನ ಅವಳ ಮುಂದೆ ಕೂತು ಅತ್ತರು. ಅವಳು ಅಳಲಿಲ್ಲ.

ಒಂದು ಬೆಳಿಗ್ಗೆ ಬೇಹಿನವನು ಸಾರಿದ: "ಕಡವಿನ ಕುಲುಮೆಯಲ್ಲಿ ಹೊಗೆ ಏಳುತ್ತಿಲ್ಲ." ಮೂರು ಸಲ ಹೇಳುವಾಗ ಅವನು ನೆಲ ನೋಡುತ್ತಿದ್ದ. ಹೇಗೆ ತಿಳಿಯಿತು ಎಂದು ಯಾರೂ ಕೇಳಲಿಲ್ಲ. ಕೆಲವು ದಿನ ಬಾಣಗಳೇ ಬರಲಿಲ್ಲ. ಹಗೆಯವರ ಹತ್ತಿರ ಕಬ್ಬಿಣ ಮುಗಿಯಿತೇನೋ ಎಂದು ಊರು ಹೇಳಿಕೊಂಡಿತು. ಗಾಯ ನೋಡುವವಳು ಕುಂಕುಮ ಇಟ್ಟುಕೊಳ್ಳುತ್ತಲೇ ಇದ್ದಳು. ಹೆಣ ಬಂದಿಲ್ಲ, ಸುದ್ದಿ ಬಂದಿಲ್ಲ. ಅವನು ತಪ್ಪಿಸಿಕೊಂಡು ಕಾಡು ಸೇರಿರಬಹುದು ಎಂದು ದಳವಾಯಿ ಒಮ್ಮೆ ಹೇಳಿದ. ಹೇಳುವವನಿಗೂ ಕೇಳುವವಳಿಗೂ ಅದರಲ್ಲಿ ನಂಬಿಕೆಯಿರಲಿಲ್ಲ. ಆದರೂ ಅವಳು ಅದನ್ನು ಅತ್ತೆಗೆ ಹೇಳಿದಳು, ಅತ್ತೆ ಅದನ್ನು ಕೇಳಿ, "ಹೌದು, ಕಾಡು ದಟ್ಟವಾಗಿದೆ," ಅಂದಳು.

ಆಮೇಲೆ ಕುಲುಮೆಯ ಹೊಗೆ ಮತ್ತೆ ಎದ್ದಿತು. ಬಾಣಗಳು ಮತ್ತೆ ಬಂದವು.

ಮೊದಲು ಸತ್ತವನು ಪಡುವಣ ಗೋಡೆಯ ಕಾವಲಿನವನು. ಗೆಳೆಯರು ಕಲಿತ ಹಾಗೇ ಒತ್ತಿ ಎಡಕ್ಕೆ ತಿರುಗಿಸಿದ್ದರು. ಆದರೂ ಸತ್ತಿದ್ದ. ಅವಳು ಚಾವಡಿಗೆ ಬಂದಳು, ಅವನ ಹಣೆ ಮುಟ್ಟಿದಳು, ಹೇಳುವ ಮಾತು ಹೇಳಿದಳು. ಬಾಣವನ್ನು ಕೊಯ್ದು ತೆಗೆದು ತೊಳೆದಳು. ಒತ್ತಿದಳು. ತಿರುಗಿಸಿದಳು. ಅದು ಅಲುಗಲಿಲ್ಲ. ಬುಡದಲ್ಲಿ ಸಂದು ಇರಲಿಲ್ಲ. ಮುಳ್ಳುಗಳನ್ನು ಒರಟಾಗಿ, ಅವಸರದಲ್ಲಿ, ಮೊನೆಗೇ ಬೆಸೆದಿದ್ದರು. ಅವಳು ಇನ್ನೊಮ್ಮೆ ತಿರುಗಿಸಿದಳು. ಬೆರಳು ಕೊಯ್ದು ರಕ್ತ ಬರುವವರೆಗೆ ತಿರುಗಿಸಿದಳು. ಮದ್ದಿನವ್ವ ಬಂದು ಬಾಣವನ್ನು ಅವಳ ಕೈಯಿಂದ ಬಿಡಿಸಿಕೊಂಡಳು.

ಗಂಡ ಸತ್ತ ಸುದ್ದಿಯನ್ನು ಹೆಂಡತಿಗೆ ಬೇರೆ ಯಾರಾದರೂ ತಂದು ಹೇಳುತ್ತಾರೆ. ಇವಳು ಅದನ್ನು ಬಾಣದಲ್ಲಿ ತಾನೇ ಓದಿಕೊಂಡಿದ್ದಳು. ಈಗ ಅವಳೇ ಸಾರಬೇಕಿತ್ತು. ಇವತ್ತೇ, ತಡಮಾಡದೆ. ಗೋಡೆಯ ಉದ್ದಕ್ಕೂ ಜನ ಇನ್ನೂ ಎಡಕ್ಕೆ ತಿರುಗಿಸುತ್ತಿದ್ದರು, ತಿರುಗಿಸಿದರೆ ಗಾಯ ಇನ್ನೂ ಅಗಲವಾಗುತ್ತಿತ್ತು. ಇಷ್ಟು ದಿನ ಗಾಯಗಳಲ್ಲಿ ಕೈಯಾಡಿಸಿ ಅವಳಿಗೆ ಇನ್ನೊಂದು ಕಷ್ಟದ ದಾರಿ ಹೊಳೆದಿತ್ತು.

ಅವಳು ಕಲ್ಲು ಹತ್ತಿದಳು. ಡಂಗುರದವನು ಜನರನ್ನು ಕರೆದ. ಮುದುಕಿಯೂ ಬಂದು ಮುಂದೆ ನಿಂತಳು.

"ಬಾಣ ಬದಲಾಗಿದೆ," ಅಂದಳು. "ಮುಳ್ಳು ಮಡಚುವುದಿಲ್ಲ. ಇನ್ನು ತಿರುಗಿಸಬೇಡಿ. ಎಲುಬು ಅಡ್ಡ ಇಲ್ಲದಿದ್ದರೆ ಮುಂದಕ್ಕೆ ದೂಡಿ ಆಚೆಯಿಂದ ತೆಗೆಯಿರಿ. ಅಡ್ಡ ಇದ್ದರೆ ನನ್ನನ್ನು ಕರೆಯಿರಿ."

"ಮಾಡಿದವರು ಯಾರು?" ಎಂದು ಮುದುಕಿ ಕೇಳಿದಳು. ಕೇಳುವ ಹಕ್ಕು ಎಲ್ಲರಿಗೂ ಇತ್ತು. ಅವಳು ತಾಯಿಯ ಹಾಗೆ ಕೇಳಲಿಲ್ಲ, ಊರಿನವಳ ಹಾಗೆ ಕೇಳಿದಳು, ದನಿ ನಡುಗದ ಹಾಗೆ.

"ಗೊತ್ತಿಲ್ಲ ಅತ್ತೆ. ಬೇರೆ ಕೈ."

ಮುದುಕಿ ತಲೆಯಾಡಿಸಿದಳು. ಅರ್ಥವಾಯಿತು ಎನ್ನುವ ಹಾಗೆ, ಮುಂದೆ ಹೇಳು ಎನ್ನುವ ಹಾಗೆ.

ಅವಳು ಎರಡನೆಯ ಸಲ ಹೇಳಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಮೂರನೆಯ ಸಲಕ್ಕೆ ಬಾಯಿ ತೆರೆದಾಗ ದನಿ ಹೊರಡಲಿಲ್ಲ. ಮತ್ತೆ ತೆರೆದಳು, ಮತ್ತೆ ಹೊರಡಲಿಲ್ಲ. ಎರಡು ಸಲ ಹೇಳಿದ ಸುದ್ದಿ ಆ ಊರಿನಲ್ಲಿ ನಿಲ್ಲುತ್ತಿರಲಿಲ್ಲ. ಜನ ಕಾದರು. ದಳವಾಯಿ ಒಂದು ಹೆಜ್ಜೆ ಮುಂದಿಟ್ಟು ನಿಂತ.

ಮುದುಕಿ ಕೋಲೂರಿಕೊಂಡು ಕಲ್ಲು ಹತ್ತಿದಳು. ಸೊಸೆಯ ಪಕ್ಕದಲ್ಲಿ ನಿಂತು, ಅವಳ ಕೊಯ್ದ ಬೆರಳುಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಹೊಳೆಯ ಕಡೆ ತಿರುಗಿ, ಆಚೆ ದಡಕ್ಕೂ ಕೇಳುವ ಹಾಗೆ, ಮೂರನೆಯ ಸಲ ಹೇಳತೊಡಗಿದಳು.

"ಬಾಣ ಬದಲಾಗಿದೆ. ಮುಳ್ಳು ಮಡಚುವುದಿಲ್ಲ. ಇನ್ನು ತಿರುಗಿಸಬೇಡಿ."